ತಂತಿ ಆಂಟೆನಾ ಯಾವುದು ಕಟ್ಟೋಣ? ಬಳ್ಳಾರಿ, ರಾಯಚೂರು, ಕೊಪ್ಪಳದ ಹೊಸ ಹ್ಯಾಮ್‌ಗಳಿಗೆ

ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂದ ಕೂಡಲೇ ಎಲ್ಲರೂ ರಿಗ್, ಅಂದರೆ ರೇಡಿಯೋ ಸೆಟ್ಟಿನ ಬಗ್ಗೆ ಕೇಳುತ್ತಾರೆ. ಯಾವ ಕಂಪನಿ, ಎಷ್ಟು ವಾಟ್, ಸೆಕೆಂಡ್ ಹ್ಯಾಂಡ್ ಎಲ್ಲಿ ಸಿಗುತ್ತದೆ. ಆಂಟೆನಾ ಮಾತು ಬರುವುದು ಕೊನೆಗೆ. ಅದೂ ‘ಸುಮ್ನೆ ಒಂದು ತಂತಿ ಎಳೆದರಾಯ್ತು ಅಲ್ವಾ?’ ಅನ್ನುವ ಧಾಟಿಯಲ್ಲಿ.

ಒಂದು ಲೆಕ್ಕ ನೋಡಿ. ರಿಸ್ಟ್ರಿಕ್ಟೆಡ್ ದರ್ಜೆಯ ಲೈಸೆನ್ಸ್‌ನಲ್ಲಿ 50 ವಾಟ್ ಮಿತಿ, ಜನರಲ್ ದರ್ಜೆಯಲ್ಲಿ 400 ವಾಟ್. ಎಂಟು ಪಟ್ಟು ಹೆಚ್ಚಾದರೂ, ಸಿಗ್ನಲ್ ಬಲ ಹೋಲಿಸುವ ಅಳತೆಯಾದ ಡೆಸಿಬೆಲ್‌ನಲ್ಲಿ ಅದು 9. ಸಿಗ್ನಲ್ ಮೀಟರಿನ ಒಂದು ಮನೆಯಾದ ಎಸ್-ಯೂನಿಟ್‌ಗೆ 6 ಡೆಸಿಬೆಲ್, ಅಂದರೆ ಕೇಳುವವರ ಮೀಟರಿನಲ್ಲಿ ಮುಳ್ಳು ಒಂದೂವರೆ ಮನೆ ಮೇಲೇರುತ್ತದೆ, ಅಷ್ಟೇ. ತಪ್ಪು ಜಾಗದಲ್ಲಿ, ತಪ್ಪು ಎತ್ತರದಲ್ಲಿ ಕಟ್ಟಿದ ತಂತಿ ಈ 9 ಡೆಸಿಬೆಲ್ಲನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ರಿಗ್‌ಗೆ ಇಡುವ ದುಡ್ಡಿನ ನೂರರಲ್ಲಿ ಐದು ಭಾಗವನ್ನಾದರೂ ಆಂಟೆನಾಕ್ಕೆ ಇಡಿ. ಇದಕ್ಕೆ ದುಡ್ಡಿಗಿಂತ ಯೋಚನೆ ಜಾಸ್ತಿ ಬೇಕು.

ಇಂಟರ್ನೆಟ್ಟಿನಲ್ಲಿ ವಿನ್ಯಾಸಗಳು ನೂರಾರು ಸಿಗುತ್ತವೆ. ಪ್ರತಿಯೊಬ್ಬರೂ ತಮ್ಮದೇ ಶ್ರೇಷ್ಠ ಅನ್ನುತ್ತಾರೆ. ಅವರ ಮನೆಗೆ ಅದು ಶ್ರೇಷ್ಠವೇ ಇರಬಹುದು. ನಿಮ್ಮ ಮನೆಗೆ ಯಾವುದು ಅನ್ನುವುದನ್ನು ನೀವೇ ತೀರ್ಮಾನಿಸಬೇಕು. ಅದಕ್ಕೆ ನಾನು ಹಿಡಿಯುವ ಕ್ರಮ ಇದು.

ಮೊದಲು: ಯಾರ ಜೊತೆ, ಯಾವ ಹೊತ್ತಿಗೆ?

ವಿನ್ಯಾಸದ ಹೆಸರು ನೋಡುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ನೀವು ಮಾತಾಡಬೇಕೆಂದಿರುವ ಊರುಗಳನ್ನು ಬರೆಯಿರಿ, ಪಕ್ಕದಲ್ಲಿ ದೂರ ಬರೆಯಿರಿ. ರಸ್ತೆಯ ದೂರವಲ್ಲ, ನೇರ ದೂರ. ಬಳ್ಳಾರಿಯಿಂದ ಬೆಂಗಳೂರು ಸುಮಾರು 250 ಕಿಲೋಮೀಟರ್. ಕೊಪ್ಪಳದಿಂದ 300ರ ಆಸುಪಾಸು, ರಾಯಚೂರಿನಿಂದ 360. ರಾಯಚೂರಿಗೆ ಹೈದರಾಬಾದ್ ಇನ್ನೂ ಹತ್ತಿರ, 180 ಇರಬಹುದು.

ಹ್ಯಾಮ್‌ಗಳು ಗೊತ್ತಾದ ಹೊತ್ತಿಗೆ ರೇಡಿಯೋದಲ್ಲಿ ಸೇರುವ ಬೆಳಗಿನ ನೆಟ್‌ನಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣದವರ ಜೊತೆ ಮಾತಾಡಬೇಕು ಅನ್ನುವವರಿಗೆ 40 ಮೀಟರ್ ಬ್ಯಾಂಡ್ (ಹೆಸರಿನ 40 ಮೀಟರ್ ತರಂಗದ ಉದ್ದ) ಬೇಕು, ಅಂದರೆ ನಮ್ಮಲ್ಲಿ 7.0ರಿಂದ 7.2 ಮೆಗಾಹರ್ಟ್ಸ್. ಇಷ್ಟು ಹತ್ತಿರಕ್ಕೆ ಸಿಗ್ನಲ್ ಹೋಗಬೇಕಾದದ್ದು ಬಹುತೇಕ ನೆತ್ತಿಯ ಮೇಲಕ್ಕೆ. ಅಲ್ಲಿಂದ ಅಯಾನುಗೋಳಕ್ಕೆ (ರೇಡಿಯೋ ತರಂಗವನ್ನು ಬಾಗಿಸಿ ಕಳಿಸುವ ಮೇಲಿನ ವಾಯುಪದರ) ಬಡಿದು, ಕೊಡೆಯ ಹಾಗೆ ಸುತ್ತಲೂ ಇಳಿಯುತ್ತದೆ. ಹಗಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ರಾತ್ರಿ ಕಳೆದು ಬೆಳಗಿನ ಜಾವ ಆಗುವಾಗ ಅಯಾನುಗೋಳ ತೆಳುವಾಗುತ್ತದೆ. ಆಗ ಮೇಲಕ್ಕೆ ಹೋದದ್ದು ವಾಪಸ್ ಬರುವುದಿಲ್ಲ. ಬೆಂಗಳೂರಿನವರು ಮಾಯ, ಸಾವಿರಾರು ಕಿಲೋಮೀಟರ್ ಆಚೆಯವರು ಜೋರಾಗಿ ಕೇಳುತ್ತಾರೆ. ಇದಕ್ಕೆ ಆಂಟೆನಾವನ್ನು ಬೈಯಬೇಡಿ.

ಯುರೋಪ್, ಜಪಾನ್, ಆಸ್ಟ್ರೇಲಿಯಾ ಬೇಕು ಅನ್ನುವವರಿಗೆ 20 ಮೀಟರ್ ಬ್ಯಾಂಡ್ (14.0ರಿಂದ 14.35), ಅದರ ಮೇಲೆ 15 ಮತ್ತು 10. ಇಲ್ಲಿ ಸಿಗ್ನಲ್ ದಿಗಂತದ ಕಡೆಗೆ ಬಾಗಿ ಹೋಗಬೇಕು. 2024ರ ಆಸುಪಾಸು ಸೂರ್ಯನ ಚಟುವಟಿಕೆ ಉತ್ತುಂಗಕ್ಕೆ ಬಂದಿತ್ತು. ಆಗ 10 ಮೀಟರಿನಲ್ಲಿ ಕಡಿಮೆ ವಾಟ್‌ಗೂ ದೂರದವರು ಸಿಕ್ಕರು. ಆ ಕಾಲದಲ್ಲಿ ಬರೆದ ಆಂಟೆನಾ ಹೊಗಳಿಕೆ ಓದುವಾಗ ಇದು ನೆನಪಿರಲಿ. ಅರ್ಧ ಹೊಗಳಿಕೆ ಸೂರ್ಯನಿಗೆ ಸಲ್ಲಬೇಕು.

ಎತ್ತರದ ಪ್ರಶ್ನೆಯೂ ಇಲ್ಲೇ ಬರುತ್ತದೆ. ನೆಲದಿಂದ 10 ಮೀಟರ್ ಮೇಲೆ ಕಟ್ಟಿದ ತಂತಿ 7 ಮೆಗಾಹರ್ಟ್ಸ್‌ಗೆ ಕಾಲು ತರಂಗದಷ್ಟು ಎತ್ತರ. ಆಗ ಶಕ್ತಿಯೆಲ್ಲ ಹೆಚ್ಚುಕಡಿಮೆ ಮೇಲಕ್ಕೆ ಹೋಗುತ್ತದೆ, ಅಂದರೆ ಹತ್ತಿರದ ಊರುಗಳಿಗೆ ಸರಿಯಾಗುತ್ತದೆ. ಅದೇ 10 ಮೀಟರ್ 14 ಮೆಗಾಹರ್ಟ್ಸ್‌ಗೆ ಅರ್ಧ ತರಂಗ. ಅಲ್ಲಿ ಸಿಗ್ನಲ್ ಸುಮಾರು 30 ಡಿಗ್ರಿ ಕೋನದಲ್ಲಿ, ತಂತಿಯ ಎರಡೂ ಬದಿಗೆ ಹೋಗುತ್ತದೆ. ಹಾಗಾಗಿ ಒಂದೇ ಕಂಬ 40 ಮೀಟರಿನಲ್ಲಿ ನಮ್ಮ ರಾಜ್ಯಕ್ಕೆ, 20 ಮೀಟರಿನಲ್ಲಿ ಹೊರದೇಶಕ್ಕೆ ಆಗುತ್ತದೆ. ಮಾಳಿಗೆಯ ಮೇಲೆ ನಿಲ್ಲಿಸಬಲ್ಲ ಕಂಬಕ್ಕೆ ಇದು ಒಳ್ಳೆಯ ಗುರಿ.

20 ಮೀಟರ್ ತಂತಿಯ ದಿಕ್ಕನ್ನೂ ಯೋಚಿಸಿ. ನಮ್ಮ ಸೀಮೆಯಿಂದ ಯುರೋಪ್ ವಾಯವ್ಯಕ್ಕೆ, ಆಸ್ಟ್ರೇಲಿಯಾ ಆಗ್ನೇಯಕ್ಕೆ ಬರುತ್ತವೆ. ಜಪಾನ್ ಈಶಾನ್ಯಕ್ಕೆ. ತಂತಿಯನ್ನು ಈಶಾನ್ಯದಿಂದ ನೈಋತ್ಯಕ್ಕೆ ಎಳೆದರೆ ಅದರ ಬದಿಗಳು ಯುರೋಪ್, ಆಸ್ಟ್ರೇಲಿಯಾ ಕಡೆ ನೋಡುತ್ತವೆ. ಜಪಾನ್ ತಂತಿಯ ತುದಿಗೆ ಬೀಳುತ್ತದೆ, ಅಲ್ಲಿ ಸಿಗ್ನಲ್ ಕಡಿಮೆ. 40 ಮೀಟರಿಗೆ ಕಡಿಮೆ ಎತ್ತರದಲ್ಲಿ ದಿಕ್ಕು ಲೆಕ್ಕಕ್ಕೇ ಬರುವುದಿಲ್ಲ. ಜಾಗ ಸಿಕ್ಕ ಕಡೆ ಎಳೆಯಿರಿ.

ಎರಡನೆಯದು: ಗದ್ದಲ ಅಳೆಯಿರಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಂಟೆನಾ ಕಟ್ಟಿದ ಮೇಲೆ ‘ಎಸ್9 ನಾಯ್ಸ್ ಬರ್ತಿದೆ’ ಅಂತ ಕೂರುತ್ತಾರೆ. ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಸಣ್ಣ ವಿಚಾರವಲ್ಲ. ಶಕ್ತಿನಗರ, ಕುಡಿತಿನಿಯ ವಿದ್ಯುತ್ ಸ್ಥಾವರಗಳಿಂದ ಹೊರಡುವ ದೊಡ್ಡ ಲೈನುಗಳು, ಸಂಡೂರು-ತೋರಣಗಲ್ಲು ಕಡೆಯ ಕಾರ್ಖಾನೆಗಳು, ಗಾಳಿಯಂತ್ರಗಳು, ಸೋಲಾರ್ ಇನ್ವರ್ಟರುಗಳು, ಹೊಲದ ಪಂಪ್‌ಸೆಟ್ ಸ್ಟಾರ್ಟರುಗಳು. ಇನ್ಸುಲೇಟರಿನ ಮೇಲೆ ಧೂಳು ಕೂತು, ಅದರ ಮೇಲೆ ಇಬ್ಬನಿ ಬಿದ್ದರೆ ಕರೆಂಟ್ ಕಂಬಗಳು ಚಟಚಟ ಸದ್ದು ಮಾಡುವುದನ್ನು ನೀವೂ ಕೇಳಿರುತ್ತೀರಿ. ಆ ಸದ್ದು ರಿಸೀವರಿಗೂ ಬರುತ್ತದೆ.

ಪರೀಕ್ಷೆ ಸುಲಭ. ರಿಗ್ಗನ್ನು 12 ವೋಲ್ಟ್ ಬ್ಯಾಟರಿಯಲ್ಲಿ ಓಡಿಸಿ. ಹತ್ತಿಪ್ಪತ್ತು ಅಡಿ ತಂತಿಯನ್ನು ಮಾಳಿಗೆಯಲ್ಲಿ ತಾತ್ಕಾಲಿಕವಾಗಿ ಎಳೆದು 7.1ರಲ್ಲಿ ಮೀಟರ್ ನೋಡಿ. ಆಮೇಲೆ ಮನೆಯ ಮೇನ್ ಆಫ್ ಮಾಡಿ, ಮತ್ತೆ ನೋಡಿ. ಮುಳ್ಳು ಸರ್ರಂತ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಎಂಸಿಬಿ ಏರಿಸುತ್ತ ಹೋಗಿ, ಸಿಕ್ಕಿಬೀಳುತ್ತಾನೆ. ಸಾಮಾನ್ಯವಾಗಿ ಅಗ್ಗದ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಟಿವಿ ಪೆಟ್ಟಿಗೆಯ ಅಡಾಪ್ಟರ್. ಇಳಿಯದಿದ್ದರೆ ಹೊರಗಿನದು. ಒಂದು ಚಿಕ್ಕ ಮೀಡಿಯಂ ವೇವ್ ರೇಡಿಯೋ ಹಿಡಿದು ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಯಾವ ಕಂಬದ ಹತ್ತಿರ ಜಾಸ್ತಿಯಾಗುತ್ತದೆ ಅಂತ ಗೊತ್ತಾಗುತ್ತದೆ. ಕಂಬದ ಸಂಖ್ಯೆ ಬರೆದುಕೊಂಡು ವಿದ್ಯುತ್ ಕಚೇರಿಗೆ ಲಿಖಿತವಾಗಿ ಕೊಡಿ. ಕಂಬವನ್ನು ನೀವು ಮುಟ್ಟಬೇಡಿ, ಬಡಿಯಬೇಡಿ.

ಈ ಪರೀಕ್ಷೆಯ ಫಲ ಆಯ್ಕೆಯನ್ನು ಬದಲಿಸುತ್ತದೆ. ಮನುಷ್ಯರು ಮಾಡುವ ಗದ್ದಲ ಜಾಸ್ತಿ ಇರುವಲ್ಲಿ ವರ್ಟಿಕಲ್ (ನೆಟ್ಟಗೆ ನಿಲ್ಲಿಸಿದ) ಆಂಟೆನಾ ಅದನ್ನು ಇನ್ನಷ್ಟು ಹಿಡಿಯುತ್ತದೆ. ಅಲ್ಲಿ ಅಡ್ಡ ತಂತಿಯೇ ಮೇಲು. ಮನೆಯಿಂದ ಹತ್ತು ಹದಿನೈದು ಮೀಟರ್ ದೂರದಲ್ಲಿ ಬೇವಿನ ಮರ ಇದ್ದರೆ, ಮಾಳಿಗೆಯ ಕಂಬಕ್ಕಿಂತ ಆ ಮರವೇ ಒಳ್ಳೆಯದಿರಬಹುದು. ಚಾರ್ಜರುಗಳಿಂದ ಅಷ್ಟು ದೂರ ಹೋದ ಹಾಗಾಯಿತು.

ಮೂರನೆಯದು: ಟೇಪ್ ಹಿಡಿದು ಮಾಳಿಗೆ ಹತ್ತಿ

ಅರ್ಧ ತರಂಗದ ಡೈಪೋಲ್ (ನಡುವೆ ಕೇಬಲ್ ಜೋಡಿಸಿದ, ಎರಡು ಸಮ ಕಾಲಿನ ತಂತಿ) ಉದ್ದಕ್ಕೆ ಸೂತ್ರ ಸರಳ: 142.6 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಒಟ್ಟು ಉದ್ದ. 7.1ಕ್ಕೆ 20.1 ಮೀಟರ್, ಅಂದರೆ 66 ಅಡಿ. 14.15ಕ್ಕೆ 10.1 ಮೀಟರ್.

ಈಗ ನಮ್ಮ ಊರುಗಳ ಮಾಮೂಲಿ 30x40 ಸೈಟ್ ತೆಗೆದುಕೊಳ್ಳಿ. ಮೂಲೆಯಿಂದ ಮೂಲೆಗೆ 50 ಅಡಿ. 66 ಅಡಿ ತಂತಿ ನೆಟ್ಟಗೆ ಹಿಡಿಸುವುದಿಲ್ಲ. ಇಲ್ಲಿಗೆ ಕೈಚೆಲ್ಲಿ ಲೋಡಿಂಗ್ ಕಾಯಿಲ್ (ಕಡಿಮೆಯಾದ ಉದ್ದ ತುಂಬುವ ಸುರುಳಿ) ಇರುವ ಕುಳ್ಳ ಆಂಟೆನಾ ಕೊಳ್ಳುವವರು ಬಹಳ. ಬೇಡ. ನಡುವೆ ಕಂಬ ಇಟ್ಟು ಎರಡು ಕಾಲುಗಳನ್ನು 45 ಡಿಗ್ರಿ ಇಳಿಜಾರಿನಲ್ಲಿ ಇಳಿಸಿ. ಪ್ರತಿ ಕಾಲು 10 ಮೀಟರ್ ಉದ್ದ, ಆದರೆ ನೆಲದ ಮೇಲೆ 7 ಮೀಟರ್ ಮಾತ್ರ ಹಿಡಿಯುತ್ತದೆ. ಒಟ್ಟು 14 ಮೀಟರ್, 46-47 ಅಡಿ. ಮೂಲೆಯಿಂದ ಮೂಲೆಗೆ ಸರಿಯಾಗಿ ಕೂರುತ್ತದೆ! ತುದಿಗಳು ಕಂಬದ ತಲೆಗಿಂತ 7 ಮೀಟರ್ ಕೆಳಗೆ ಬರುತ್ತವೆ. ಇದೇ ಇನ್ವರ್ಟೆಡ್-ವಿ. ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗಬಾರದು. ಕಿರಿದಾದರೆ ಎರಡು ಕಾಲುಗಳು ಒಂದನ್ನೊಂದು ರದ್ದು ಮಾಡತೊಡಗುತ್ತವೆ.

ಅಷ್ಟು ಎತ್ತರದ ಕಂಬ ಇಲ್ಲವೇ? ತುದಿಗಳನ್ನು ಬಾಗಿಸಿ. ಡೈಪೋಲ್‌ನಲ್ಲಿ ಕರೆಂಟು ನಡುವೆ ಹೆಚ್ಚು, ತುದಿಯಲ್ಲಿ ಸೊನ್ನೆ. ನಡುವಿನ ಅರ್ಧ ಉದ್ದವೇ ಸುಮಾರು 70 ಭಾಗ ಕೆಲಸ ಮಾಡುತ್ತದೆ. ಹಾಗಾಗಿ ಕೊನೆಯ ಒಂದೂವರೆ ಎರಡು ಮೀಟರನ್ನು ಪ್ಯಾರಾಪೆಟ್ ಗುಂಟ ಪಕ್ಕಕ್ಕೆ ತಿರುಗಿಸಿದರೆ ನಷ್ಟ ಅಷ್ಟಿಲ್ಲ. ನಡುವಿನ ಭಾಗ ಮಾತ್ರ ಎತ್ತರದಲ್ಲಿ, ನೆಟ್ಟಗೆ ಇರಲಿ. ಆದರೆ ತುದಿಯಲ್ಲಿ ಕರೆಂಟು ಇಲ್ಲದಿದ್ದರೂ ವೋಲ್ಟೇಜ್ ನೂರಾರು ಇರುತ್ತದೆ. ಹಪ್ಪಳ ಒಣಗಿಸಲು ಮಾಳಿಗೆ ಹತ್ತುವವರ ಕೈಗೆ, ಮಕ್ಕಳ ಕೈಗೆ ಸಿಗದಷ್ಟು ಮೇಲಿರಬೇಕು. ಎರಡೂವರೆ ಮೀಟರಿಗಿಂತ ಕೆಳಗೆ ಬೇಡ.

ಎಲ್ಲಕ್ಕಿಂತ ಮುಖ್ಯ, ಕರೆಂಟ್ ಲೈನು. ತಂತಿ ಹರಿದರೆ, ಕಂಬ ಬಿದ್ದರೆ ಯಾವ ಕಡೆ ಬಿದ್ದರೂ ಲೈನಿಗೆ ತಾಗಬಾರದು. ಕಂಬದ ಎತ್ತರದ ಒಂದೂವರೆ ಪಟ್ಟು ದೂರ ಇಲ್ಲದಿದ್ದರೆ ಆ ಜಾಗ ಬಿಟ್ಟುಬಿಡಿ. ರಸ್ತೆಯಾಚೆ ಇರುವ ಮರಕ್ಕೆ, ಲೈನಿನ ಮೇಲೆ ಹಾಯಿಸಿ ತಂತಿ ಎಳೆಯುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ.

ಮಣ್ಣನ್ನೂ ನೋಡಿ. ರಾಯಚೂರಿನ ಎರೆ ಹೊಲಗಳು ತೇವ ಹಿಡಿದಾಗ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತವೆ. ಅಲ್ಲಿ ವರ್ಟಿಕಲ್‌ಗೆ ಅನುಕೂಲ. ಕೊಪ್ಪಳದ ಬಂಡೆ ನೆಲದಲ್ಲಿ, ಬಳ್ಳಾರಿ ಗುಡ್ಡದ ಬುಡದಲ್ಲಿ ಅರ್ತ್ ಸಲಾಕೆ ಹೊಡೆದರೆ ಅರ್ಧ ಅಡಿಗೇ ಟಣ್ ಅನ್ನುತ್ತದೆ. ಅಂಥ ಕಡೆ ನೆಲವನ್ನು ನಂಬುವ ವಿನ್ಯಾಸ ಬೇಡ. ಡೈಪೋಲ್ ಜಾತಿಯದು ನೆಲದ ಹಂಗಿಲ್ಲದೆ ನಡೆಯುತ್ತದೆ.

ನಾಲ್ಕನೆಯದು: ಈಗ ವಿನ್ಯಾಸ

ಮೊದಲ ಆಂಟೆನಾ ಅಂದರೆ ನನ್ನ ಉತ್ತರ ಒಂದೇ. 40 ಮೀಟರ್ ಡೈಪೋಲ್, ಜಾಗ ಇಲ್ಲದಿದ್ದರೆ ಇನ್ವರ್ಟೆಡ್-ವಿ. ಟ್ಯೂನರ್ (ರಿಗ್ಗನ್ನು ಆಂಟೆನಾಕ್ಕೆ ಹೊಂದಿಸುವ ಪೆಟ್ಟಿಗೆ) ಬೇಡ, ಟ್ರಾನ್ಸ್‌ಫಾರ್ಮರ್ ಬೇಡ, ಕೆಡುವುದಕ್ಕೆ ಏನೂ ಇಲ್ಲ. ಮೇಲಾಗಿ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಆವರ್ತನ) ಕಾರಣ 15 ಮೀಟರ್ ಬ್ಯಾಂಡ್ ಕೂಡ ಸಿಗುತ್ತದೆ. 21 ಮೆಗಾಹರ್ಟ್ಸ್‌ನಲ್ಲಿ ಅನುರಣನ (ತಂತಿ ತಾನಾಗಿ ಹೊಂದುವ ಆವರ್ತನ) ಸ್ವಲ್ಪ ಮೇಲಕ್ಕೆ ಜಾರುತ್ತದೆ, ಟ್ಯೂನರ್ ಇದ್ದರೆ ಸರಿಹೋಗುತ್ತದೆ. 20 ಮೀಟರ್ ಕೂಡ ಬೇಕಾದರೆ ಅದೇ ಮಧ್ಯಬಿಂದುವಿಗೆ 10 ಮೀಟರ್ ಉದ್ದದ ಇನ್ನೊಂದು ಡೈಪೋಲ್ ಜೋಡಿಸಿ, ತುದಿಗಳನ್ನು ಬೇರೆ ದಿಕ್ಕಿಗೆ ಕಟ್ಟಿ. ಇದಕ್ಕೆ ಫ್ಯಾನ್ ಡೈಪೋಲ್ ಅನ್ನುತ್ತಾರೆ. ಎರಡು ತಂತಿ ಹತ್ತಿರ ಬಂದಷ್ಟೂ ಉದ್ದ ಹೊಂದಿಸುವ ತಲೆನೋವು ಜಾಸ್ತಿ.

ಈಗ ಎಲ್ಲರ ಬಾಯಲ್ಲಿರುವುದು ಎಂಡ್-ಫೆಡ್. ಅರ್ಧ ತರಂಗದ ತಂತಿಯ ಒಂದು ತುದಿಯಲ್ಲಿ 49:1 ಟ್ರಾನ್ಸ್‌ಫಾರ್ಮರ್ ಇಟ್ಟು ಊಡಿಸುವುದು. ತುದಿಯಲ್ಲಿ ಪ್ರತಿರೋಧ ಎರಡು ಎರಡೂವರೆ ಸಾವಿರ ಓಮ್, ಅದನ್ನು 50ಕ್ಕೆ ಇಳಿಸಬೇಕು. ಫೆರೈಟ್ ಉಂಗುರಕ್ಕೆ 2 ಸುತ್ತು, 14 ಸುತ್ತು ಹಾಕಿದರೆ ಆ ಅನುಪಾತ ಬರುತ್ತದೆ. 20 ಮೀಟರ್ ತಂತಿಗೆ 40, 20, 15, 10 ನಾಲ್ಕೂ ಬ್ಯಾಂಡ್ ಸಿಗುತ್ತವೆ. ಕೋಆಕ್ಸ್ (ಆಂಟೆನಾದಿಂದ ರಿಗ್ಗಿಗೆ ಬರುವ ಕೇಬಲ್) ನೇರ ಕಿಟಕಿಯ ಹತ್ತಿರ ಬರುವುದರಿಂದ ಬಾಡಿಗೆ ಮನೆಯವರಿಗೆ ವರದಾನ. ಆದರೆ ‘ಕೌಂಟರ್‌ಪಾಯಿಸ್ ಬೇಕಿಲ್ಲ’ ಅನ್ನುವ ಜಾಹೀರಾತನ್ನು ನಂಬಬೇಡಿ. ಕೌಂಟರ್‌ಪಾಯಿಸ್ ಅಂದರೆ ಕರೆಂಟಿನ ವಾಪಸ್ ದಾರಿ, ಅದು ಬೇಕೇ ಬೇಕು. ನೀವು ಕೊಡದಿದ್ದರೆ ಅದು ಕೋಆಕ್ಸಿನ ಹೊರಮೈ ಹಿಡಿದು ರಿಗ್ ತನಕ ಬರುತ್ತದೆ. ಮೈಕ್ ತುಟಿಗೆ ಚುರುಕ್ ಅನ್ನಿಸುವುದು, ಮಾತು ಒಡೆಯುವುದು, ಪಕ್ಕದ ಮನೆಯ ಸ್ಪೀಕರಿನಲ್ಲಿ ನಿಮ್ಮ ದನಿ ಬರುವುದು, ಎಲ್ಲ ಇದರ ಫಲ. ಟ್ರಾನ್ಸ್‌ಫಾರ್ಮರಿಗೆ ಎರಡು ಮೀಟರ್ ತಂತಿಯ ಬಾಲ ಕಟ್ಟಿ, ಕೋಆಕ್ಸ್ ಮನೆಯೊಳಗೆ ಬರುವ ಮೊದಲು ಆ ಹೊರಮೈ ಕರೆಂಟನ್ನು ತಡೆಯುವ ಚೋಕ್ ಹಾಕಿ.

9:1 ಟ್ರಾನ್ಸ್‌ಫಾರ್ಮರ್, ಅಂದರೆ ಉನ್‌ಉನ್ ಇರುವ ರ‍್ಯಾಂಡಮ್ ವೈರ್ ಬೇರೆ ಪ್ರಾಣಿ. ಅದಕ್ಕೆ ಟ್ಯೂನರ್ ಬೇಕೇ ಬೇಕು. ತಂತಿ ಯಾವ ಬ್ಯಾಂಡಿನಲ್ಲೂ ಅರ್ಧ ತರಂಗದ ಉದ್ದಕ್ಕೆ ಬರಬಾರದು. ಎಂಡ್-ಫೆಡ್ ಅಂತ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ, ಪೆಟ್ಟಿಗೆಯ ಮೇಲೆ 49 ಇದೆಯಾ 9 ಇದೆಯಾ ನೋಡಿ ಕೊಳ್ಳಿ.

ಟ್ಯೂನರ್ ಇದ್ದು, ಎಲ್ಲ ಬ್ಯಾಂಡೂ ಬೇಕು ಅನ್ನುವವರಿಗೆ ನನ್ನ ಮೆಚ್ಚಿನದು ಡಬ್ಲೆಟ್. 20 ಮೀಟರ್ ತಂತಿ, ನಡುವಿನಿಂದ ಕೋಆಕ್ಸ್ ಬದಲು ತೆರೆದ ಜೋಡಿ ಲೈನು. ಪಿವಿಸಿ ಪೈಪ್ ತುಂಡುಗಳನ್ನು ಅಡ್ಡಪಟ್ಟಿ ಮಾಡಿ ಮನೆಯಲ್ಲೇ ಕಟ್ಟಬಹುದು. ಹೊಂದಾಣಿಕೆ ಎಷ್ಟೇ ಕೆಟ್ಟಿದ್ದರೂ ಈ ಲೈನಿನಲ್ಲಿ ನಷ್ಟ ಬಹಳ ಕಡಿಮೆ. ಕೋಆಕ್ಸಿನಲ್ಲಿ ಹಾಗಲ್ಲ. ಒಂದೇ ತೊಂದರೆ, ಲೈನನ್ನು ಕಬ್ಬಿಣದ ಕಿಟಕಿ, ತಗಡಿನ ಶೆಡ್‌ಗಳಿಂದ ದೂರ ಇಡಬೇಕು. 1946ರಲ್ಲಿ ಲೂಯಿ ವಾರ್ನಿ ಮಾಡಿದ ಜಿ5ಆರ್‌ವಿ ಇದರ ನೆಂಟ. 31 ಮೀಟರ್ ಜಾಗ ಇದ್ದರೆ ನೋಡಬಹುದು, ಆದರೆ ಟ್ಯೂನರ್ ಇಲ್ಲದೆ ಎಲ್ಲ ಬ್ಯಾಂಡ್ ನಡೆಯುತ್ತದೆ ಅನ್ನುವುದು ಸುಳ್ಳು.

ಹೊಲದ ಮನೆ, ಸುತ್ತ ನಾಲ್ಕು ಮರ ಇದ್ದವರು ಅದೃಷ್ಟವಂತರು. 43 ಮೀಟರ್ ತಂತಿಯನ್ನು ಚೌಕವಾಗಿ ಸುತ್ತಿದರೆ 40 ಮೀಟರಿನ ಪೂರ್ಣ ತರಂಗದ ಲೂಪ್. ಕೇಳುವುದಕ್ಕೆ ಬಹಳ ಸಲ ಡೈಪೋಲಿಗಿಂತ ಶಾಂತವಾಗಿರುತ್ತದೆ.

ಹೊಗಳಿಕೆ ಓದುವ ರೀತಿ

ಯಾವುದೇ ವಿನ್ಯಾಸದ ವಿವರಣೆ ಓದುವಾಗ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಎತ್ತರದಲ್ಲಿ ಕಟ್ಟಿದ್ದರು? ಯಾವುದಕ್ಕೆ ಹೋಲಿಸಿ ‘ಒಳ್ಳೆಯದು’ ಅಂದರು? ಒಳಗೆ ರೆಸಿಸ್ಟರ್ ಇದೆಯಾ? ಗೇನ್ (ಒಂದು ದಿಕ್ಕಿಗೆ ಸಿಗುವ ಹೆಚ್ಚಿನ ಬಲ) ಯಾವ ಅಳತೆಯಲ್ಲಿ ಹೇಳಿದ್ದಾರೆ?

ಕೊನೆಯದನ್ನು ಬಿಡಿಸಿ ಹೇಳುತ್ತೇನೆ. ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿದರೆ ಡಿಬಿಐ, ಡೈಪೋಲಿಗೆ ಹೋಲಿಸಿದರೆ ಡಿಬಿಡಿ. ಎರಡರ ನಡುವೆ 2.15 ಡೆಸಿಬೆಲ್ ವ್ಯತ್ಯಾಸ. ಬರೀ ‘ಡಿಬಿ’ ಅಂತ ಬರೆದಿದ್ದರೆ ಆ ಅಂಕಿಗೆ ಬೆಲೆ ಇಲ್ಲ. ರೆಸಿಸ್ಟರ್ ಇರುವ ಆಂಟೆನಾಗಳು, ಉದಾಹರಣೆಗೆ ಟಿ2ಎಫ್‌ಡಿ, ಎಲ್ಲ ಬ್ಯಾಂಡಿನಲ್ಲೂ ಮೀಟರನ್ನು ಶಾಂತವಾಗಿಡುತ್ತವೆ. ಶಕ್ತಿಯ ಒಂದು ಪಾಲನ್ನು ಬಿಸಿ ಮಾಡಿ ಕಳೆಯುತ್ತವೆ ಕೂಡ. ಕೆಲವರಿಗೆ ಅದೂ ಸರಿ, ಆದರೆ ಗೊತ್ತಿದ್ದು ಕೊಳ್ಳಿ.

ಕಂಪ್ಯೂಟರ್ ಬಳಸುವವರು ಎಂಎಂಎಎನ್‌ಎ-ಗಾಲ್, 4ನೆಕ್2, ಈಜಡ್‌ನೆಕ್ ಮೊದಲಾದ ತಂತ್ರಾಂಶಗಳಲ್ಲಿ ತಂತಿಯನ್ನು ಕಟ್ಟುವ ಮೊದಲೇ ನೋಡಬಹುದು. ಮೂರೂ ಉಚಿತ. ಎರಡು ವಿನ್ಯಾಸಗಳನ್ನು ಒಂದೇ ಎತ್ತರ, ಒಂದೇ ನೆಲ ಕೊಟ್ಟು ಹೋಲಿಸಿದರೆ ಬಹಳ ಜಗಳಗಳು ಅಲ್ಲೇ ಮುಗಿಯುತ್ತವೆ. ಆದರೆ ನಿಮ್ಮ ಸಿಂಟೆಕ್ಸ್ ಟ್ಯಾಂಕು, ಮಾಳಿಗೆಯ ಕಬ್ಬಿಣ, ಪಕ್ಕದವರ ತಗಡು ಅದಕ್ಕೆ ಗೊತ್ತಿರುವುದಿಲ್ಲ.

ಐದನೆಯದು: ಕಟ್ಟುವುದು

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮನೆ ವೈರಿಂಗಿಗೆ ಕೊಡುವ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು. ಒಂದು ಕಾಯಿಲ್ 90 ಮೀಟರ್ ಇರುತ್ತದೆ, ನಾಲ್ಕು ಡೈಪೋಲಿಗೆ ಆಗುತ್ತದೆ. ಮೇಲಿನ ಪ್ಲಾಸ್ಟಿಕ್ ಕೀಳಬೇಡಿ. ಹೊದಿಕೆ ಇರುವ ತಂತಿ ಸೂತ್ರದ ಉದ್ದಕ್ಕಿಂತ ಎರಡು ಮೂರು ಶೇಕಡಾ ಕಡಿಮೆಯಲ್ಲೇ ಅನುರಣಿಸುತ್ತದೆ.

ಮೊದಲು ಉದ್ದ ಜಾಸ್ತಿ ಇಡಿ, ಆಮೇಲೆ ಅಳೆಯಿರಿ. ಹೊಸ ಉದ್ದ ತಿಳಿಯಲು ಈಗಿನ ಉದ್ದವನ್ನು ಈಗ ಅನುರಣಿಸುವ ಆವರ್ತನದಿಂದ ಗುಣಿಸಿ, ಬೇಕಾದ ಆವರ್ತನದಿಂದ ಭಾಗಿಸಿ. ಉದಾಹರಣೆಗೆ 20.6 ಮೀಟರ್ ತಂತಿ 6.85ರಲ್ಲಿ ಅನುರಣಿಸಿದರೆ, 7.1ಕ್ಕೆ 19.87 ಬೇಕು. ಅಂದರೆ ಪ್ರತಿ ತುದಿಯಲ್ಲಿ 36 ಸೆಂಟಿಮೀಟರ್ ಕಡಿಮೆ. ಕತ್ತರಿಸಬೇಡಿ, ಹಿಂದಕ್ಕೆ ಮಡಚಿ ಅದೇ ತಂತಿಗೆ ಬಿಗಿಯಾಗಿ ಸುತ್ತಿ. ನಾಳೆ ಎತ್ತರ ಬದಲಾದರೆ ಉದ್ದವೂ ಬದಲಾಗಬೇಕಾಗುತ್ತದೆ.

ಮಧ್ಯಬಿಂದುವಿನಲ್ಲಿ ಚೋಕ್ ಹಾಕಿ. ಫೆರೈಟ್ ಸಿಗದಿದ್ದರೆ ನಾಲ್ಕು ಇಂಚಿನ ಪಿವಿಸಿ ಪೈಪಿಗೆ ಕೋಆಕ್ಸನ್ನೇ 15-18 ಸುತ್ತು ಸುತ್ತಿದರೆ ಕೆಲಸ ನಡೆಯುತ್ತದೆ. ಕೋಆಕ್ಸ್ ಆರ್‌ಜಿ-58 ಆದರೆ 20 ಮೀಟರಿಗೆ 7 ಮೆಗಾಹರ್ಟ್ಸ್‌ನಲ್ಲಿ ಒಂದು ಡೆಸಿಬೆಲ್ಲಿಗಿಂತ ಕಡಿಮೆ ನಷ್ಟ. ಚಿಂತೆ ಇಲ್ಲ. 28 ಮೆಗಾಹರ್ಟ್ಸ್‌ಗೆ ಹೋದಾಗ ಅದು ದುಪ್ಪಟ್ಟಾಗುತ್ತದೆ, ಆಗ ಆರ್‌ಜಿ-213 ಯೋಚಿಸಿ. ಕೇಬಲ್ ಟಿವಿಯ ಆರ್‌ಜಿ-6 ಕೂಡ ಬರುತ್ತದೆ, 75 ಓಮ್ ಆದರೂ ಡೈಪೋಲಿಗೆ ಅಡ್ಡಿಯಿಲ್ಲ. ಅದರ ಅಲ್ಯುಮಿನಿಯಂ ಜಾಲರಿಗೆ ಬೆಸುಗೆ ಹಿಡಿಯುವುದಿಲ್ಲ, ಒತ್ತಿ ಕೂರಿಸುವ ಕನೆಕ್ಟರ್ ಬೇಕು.

ಹಗ್ಗದ ವಿಷಯದಲ್ಲಿ ಜಿಪುಣತನ ಬೇಡ. ನಮ್ಮ ಬಿಸಿಲು 42 ಡಿಗ್ರಿ ದಾಟುತ್ತದೆ. ಸಂತೆಯ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಅಂಥ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಪಾಲಿಯೆಸ್ಟರ್ ಹಗ್ಗ ಹುಡುಕಿ. ಮರಕ್ಕೆ ಕಟ್ಟುವುದಾದರೆ ರಾಟೆ ಹಾಕಿ, ಹಗ್ಗದ ಕೆಳತುದಿಗೆ ನೀರು ತುಂಬಿದ ಕ್ಯಾನ್ ನೇತುಹಾಕಿ. ಗಾಳಿಗೆ ಮರ ಓಲಾಡಿದಾಗ ಕ್ಯಾನ್ ಏರಿಳಿಯುತ್ತದೆ, ತಂತಿ ಹರಿಯುವುದಿಲ್ಲ.

ಆರನೆಯದು: ಒಳ್ಳೆಯದಾ ಅಂತ ಗೊತ್ತಾಗುವುದು ಹೇಗೆ?

ಎಸ್‌ಡಬ್ಲ್ಯೂಆರ್ (ಶಕ್ತಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ) 1.1 ಬಂತು ಅಂತ ಸಿಹಿ ಹಂಚುವವರಿದ್ದಾರೆ. ಡಮ್ಮಿ ಲೋಡಿನಲ್ಲೂ (ಶಕ್ತಿಯನ್ನೆಲ್ಲ ಬಿಸಿ ಮಾಡಿ ಕಳೆಯುವ ರೆಸಿಸ್ಟರ್) ಅಷ್ಟೇ ಬರುತ್ತದೆ, ಅದು ಪಕ್ಕದ ಬೀದಿಗೂ ಮುಟ್ಟುವುದಿಲ್ಲ. ಎಸ್‌ಡಬ್ಲ್ಯೂಆರ್ ಹೇಳುವುದು ರಿಗ್ಗಿಗೆ ಹಿತವೇ ಅಂತ ಮಾತ್ರ. 1.5 ಇದ್ದರೆ ವಾಪಸ್ ಬರುವುದು 4 ಶೇಕಡಾ, 2 ಇದ್ದರೆ 11. ಎರಡರೊಳಗೆ ಇದ್ದರೆ ಅಲ್ಲಿಗೆ ಬಿಟ್ಟು ಮುಂದಿನ ಕೆಲಸ ನೋಡಿ.

ಒಂದು ಬಿಂದುವಿನ ಬದಲು ಇಡೀ ಬ್ಯಾಂಡಿನ ಗೆರೆ ನೋಡಿ. ನ್ಯಾನೋವಿಎನ್‌ಎ ಅನ್ನುವ ಅಂಗೈ ಅಗಲದ ಸಾಧನ ಇದಕ್ಕೆ ಸಾಕು. 40 ಮೀಟರಿನ ಸರಿಯಾದ ಡೈಪೋಲ್ ಸುಮಾರು 250-300 ಕಿಲೋಹರ್ಟ್ಸ್ ಅಗಲಕ್ಕೆ ಎರಡರೊಳಗಿರುತ್ತದೆ, ನಮ್ಮ 200 ಕಿಲೋಹರ್ಟ್ಸ್ ಬ್ಯಾಂಡಿಗೆ ಧಾರಾಳ. ನಿಮ್ಮದು ಒಂದು ಮೆಗಾಹರ್ಟ್ಸ್ ಉದ್ದಕ್ಕೂ ಚಪ್ಪಟೆ ಇದ್ದರೆ ಖುಷಿಪಡಬೇಡಿ. ಎಲ್ಲೋ ನಷ್ಟ ಇದೆ. ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತಿರಬಹುದು, ಕೋಆಕ್ಸಿಗೆ ನೀರು ಹೋಗಿರಬಹುದು.

ಕೋಆಕ್ಸ್ ಪರೀಕ್ಷೆಗೆ ಸುಲಭ ಉಪಾಯ ಇದೆ. ಆಂಟೆನಾ ಕಡೆಯ ತುದಿ ಬಿಚ್ಚಿ ಹಾಗೇ ತೆರೆದಿಡಿ. ಈ ತುದಿಯಲ್ಲಿ ರಿಟರ್ನ್ ಲಾಸ್ (ವಾಪಸ್ ಬಂದ ಸಿಗ್ನಲ್ ಎಷ್ಟು ಕುಗ್ಗಿದೆ ಅನ್ನುವುದು) ಅಳೆಯಿರಿ. ಸಿಗ್ನಲ್ ಹೋಗಿ ವಾಪಸ್ ಬಂದಿರುವುದರಿಂದ, ಅದರ ಅರ್ಧ ಕೇಬಲ್ಲಿನ ಒಂದು ಕಡೆಯ ನಷ್ಟ. ರಿಟರ್ನ್ ಲಾಸ್ 6 ಡೆಸಿಬೆಲ್ ಬಂದರೆ ಕೇಬಲ್ 3 ಡೆಸಿಬೆಲ್ ತಿನ್ನುತ್ತಿದೆ, ಅಂದರೆ ಅರ್ಧ ಶಕ್ತಿ. ಅಂಥ ಕೇಬಲ್ಲಿನ ಆ ತುದಿಯಲ್ಲಿ ಆಂಟೆನಾವೇ ಇಲ್ಲದಿದ್ದರೂ ಎಸ್‌ಡಬ್ಲ್ಯೂಆರ್ ಮೂರಕ್ಕಿಂತ ಹೆಚ್ಚು ತೋರಿಸುವುದಿಲ್ಲ! ಮಾಳಿಗೆಯ ಬಿಸಿಲಿನಲ್ಲಿ ಬಿದ್ದಿರುವ ಹಳೆಯ ಕೋಆಕ್ಸ್ ಬಳಸುವವರು ಇದನ್ನು ಮಾಡಲೇಬೇಕು.

ಇನ್ನು ವರದಿಗಳು. ನಮ್ಮವರು ಎಲ್ಲರಿಗೂ ‘ಫೈವ್ ನೈನ್’ (ಸ್ಪಷ್ಟ, ಜೋರು ಸಿಗ್ನಲ್ ಅನ್ನುವ ವರದಿ) ಕೊಡುತ್ತಾರೆ, ಅದು ಮರ್ಯಾದೆಯೇ ಹೊರತು ಅಳತೆಯಲ್ಲ. ‘ಅಣ್ಣಾ, ಈಗ ಎ, ಈಗ ಬಿ, ಮುಳ್ಳು ಎಲ್ಲಿ ನಿಂತಿದೆ ಹೇಳಿ’ ಅಂತ ಕೇಳಿ. ಎರಡು ಆಂಟೆನಾ, ನಡುವೆ ಒಂದು ಕೋಆಕ್ಸ್ ಸ್ವಿಚ್. ಸೆಕೆಂಡುಗಳ ಅಂತರದಲ್ಲಿ ಬದಲಿಸಬೇಕು. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಕಟ್ಟಿ ಹೋಲಿಸಿದರೆ ಅದು ಅಯಾನುಗೋಳದ ಹೋಲಿಕೆ. ಯಾವುದು ಎ, ಯಾವುದು ಬಿ ಅಂತ ಆಚೆಯವರಿಗೆ ಹೇಳಬೇಡಿ. ಬಳಸದ ಆಂಟೆನಾ ಹತ್ತಿರವೇ ಇದ್ದರೆ ಅದೂ ಬಳಸುವುದರ ಮೇಲೆ ಪ್ರಭಾವ ಬೀರುತ್ತದೆ, ಸಾಧ್ಯವಾದಷ್ಟು ದೂರ ಇರಲಿ.

ಕೇಳುವ ಪರೀಕ್ಷೆಯಲ್ಲಿ ಮುಳ್ಳು ಎಷ್ಟು ಏರಿತು ಅನ್ನುವುದಕ್ಕಿಂತ ಗದ್ದಲದಿಂದ ಎಷ್ಟು ಮೇಲಿದೆ ಅನ್ನುವುದು ಮುಖ್ಯ. ಡೈಪೋಲಿನಲ್ಲಿ ಸಿಗ್ನಲ್ ಎಸ್8, ಗದ್ದಲ ಎಸ್6. ಲೂಪಿನಲ್ಲಿ ಸಿಗ್ನಲ್ ಎಸ್5, ಗದ್ದಲ ಎಸ್1. ಮೀಟರ್ ನೋಡಿದರೆ ಡೈಪೋಲ್ ಗೆದ್ದ ಹಾಗೆ ಕಾಣುತ್ತದೆ. ಆದರೆ ಮಾತು ಸ್ಪಷ್ಟವಾಗಿ ಕೇಳುವುದು ಲೂಪಿನಲ್ಲಿ.

ಜೊತೆಗಾರರೇ ಇಲ್ಲದಿದ್ದರೂ ಪರೀಕ್ಷಿಸಬಹುದು. ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಜೋ ಟೇಲರ್ 2008ರಲ್ಲಿ ಹೊರತಂದ ವಿಸ್ಪರ್ ಅನ್ನುವ ಪದ್ಧತಿ ಇದೆ. ಎರಡೆರಡು ನಿಮಿಷದ ಸರದಿಯಲ್ಲಿ ಪುಟ್ಟ ಸಿಗ್ನಲ್‌ಗಳು ಹೋಗುತ್ತವೆ. ಯಾರು ಯಾರಿಗೆ ಎಷ್ಟು ಡೆಸಿಬೆಲ್‌ನಲ್ಲಿ ಕೇಳಿದರು ಅನ್ನುವುದು ತಾನಾಗಿ ಅಂತರ್ಜಾಲದಲ್ಲಿ ದಾಖಲಾಗುತ್ತದೆ. ಕಳಿಸುವ ಮೊದಲು ನಿಮ್ಮ ದರ್ಜೆಗೆ ಆ ಬಗೆಯ ಪ್ರಸಾರಕ್ಕೆ ಅನುಮತಿ ಇದೆಯಾ ನೋಡಿಕೊಳ್ಳಿ. ಬರೀ ಕೇಳುವುದಕ್ಕೆ ಇಟ್ಟರೂ ಸಾಕು. ಕೆಲವು ದಿನ ಬಿಟ್ಟು ಪಟ್ಟಿ ತೆಗೆದರೆ ನಿಮ್ಮ ತಂತಿ ಯಾವ ದಿಕ್ಕಿಗೆ ಕಿವುಡು ಅನ್ನುವುದು ನಕ್ಷೆಯಲ್ಲೇ ಕಾಣುತ್ತದೆ. ಒಂದೆರಡು ಡೆಸಿಬೆಲ್ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ. ದಿನದಿಂದ ದಿನಕ್ಕೆ ಅಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. 6 ಡೆಸಿಬೆಲ್ ಸತತವಾಗಿ ಕಂಡರೆ ಅದು ನಿಜವಾದ ವ್ಯತ್ಯಾಸ.

ಸಿಡಿಲು ಮತ್ತು ಧೂಳು

ಭರಣಿ, ಕೃತ್ತಿಕಾ ಮಳೆಯ ಹೊತ್ತಿಗೆ ನಮ್ಮಲ್ಲಿ ಮಳೆಗಿಂತ ಗುಡುಗು ಸಿಡಿಲೇ ಜಾಸ್ತಿ. ಮೋಡ ಕಟ್ಟಿದಾಗ ಕೋಆಕ್ಸ್ ಬಿಚ್ಚಿ ಹೊರಗೆ ಹಾಕುವ ಅಭ್ಯಾಸ ಮಾಡಿಕೊಳ್ಳಿ, ರಿಗ್ಗಿನ ಪವರ್ ಸಪ್ಲೈ ಪ್ಲಗ್ಗೂ ತೆಗೆಯಿರಿ. ಗುಡುಗು ಕೇಳಿಸಿದ ಮೇಲೆ ಬಿಚ್ಚಲು ಓಡಬೇಡಿ, ಆಗ ತಡವಾಗಿದೆ, ಮುಟ್ಟದಿರುವುದೇ ಲೇಸು. ಮನೆಯೊಳಗೆ ಬರುವ ಮುಂಚೆ ಕೋಆಕ್ಸಿನ ಹೊರಜಾಲರಿಯನ್ನು ಅರ್ತ್‌ಗೆ ಕಟ್ಟಿ, ಆ ಅರ್ತ್ ಮನೆಯ ಅರ್ತಿಂಗ್ ಜೊತೆ ಸೇರಿರಲಿ. ಇಷ್ಟು ಮಾಡಿದರೂ ನೇರ ಸಿಡಿಲಿಗೆ ತಡೆ ಇಲ್ಲ.

ಅಶ್ವಿನಿ ಮಳೆಗೆ ಮೊದಲು, ಅಂದರೆ ಏಪ್ರಿಲ್ ಮೊದಲ ವಾರದಲ್ಲಿ, ವರ್ಷಕ್ಕೊಮ್ಮೆ ಎಲ್ಲವನ್ನೂ ಕೆಳಗಿಳಿಸಿ. ಇನ್ಸುಲೇಟರಿನ ಕೆಂಪು ಧೂಳು ಒರೆಸಿ. ಹಗ್ಗವನ್ನು ಉಗುರಿನಿಂದ ಕೆರೆದು ನೋಡಿ, ಪುಡಿ ಬಂದರೆ ಬದಲಿಸಿ. ಕನೆಕ್ಟರ್ ಬಿಚ್ಚಿ, ಒಳಗೆ ಹಸಿರು ಕಟ್ಟಿದ್ದರೆ ಹೊಸದು ಹಾಕಿ, ಸುತ್ತ ರಬ್ಬರ್ ಟೇಪ್ ಸುತ್ತಿ. ಮೇಲೇರಿಸಿದ ಮೇಲೆ ಮತ್ತೆ ಎಸ್‌ಡಬ್ಲ್ಯೂಆರ್ ಗೆರೆ ತೆಗೆದು, ಮೊದಲ ದಿನ ತೆಗೆದ ಗೆರೆಯ ಪಕ್ಕ ಇಡಿ. ಅದೇ ಉದ್ದದ ತಂತಿ 50 ಕಿಲೋಹರ್ಟ್ಸ್ ಆಚೀಚೆ ಜರುಗಿದ್ದರೆ ಜೋಡಣೆಯಲ್ಲೋ ಎತ್ತರದಲ್ಲೋ ಏನೋ ಬದಲಾಗಿದೆ. ಮೊದಲು ಮಧ್ಯಬಿಂದುವಿನ ಬೆಸುಗೆ ನೋಡಿ.